ಪದಕ್ಕೆ ಮುಂಚಿನ ಉಸಿರು

ಟಿಂಗ್, ಟಾಂಗ್, ಟಿಂಗ್ ಎಂದು ಗಂಟೆ ಬಾರಿಸಿತು. ಅದರ ಬೆನ್ನಿಗೇ ಒಂದು ಹೆಣ್ಣುದನಿ, ತೊಳೆದು ಒರೆಸಿಟ್ಟ ಗಾಜಿನ ಲೋಟದಂಥ ದನಿ, ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಯವರೆಗೆ ಹರಿಯಿತು.

"ದಯವಿಟ್ಟು ಗಮನಿಸಿ. ಉತ್ತರ ದಿಕ್ಕಿಗೆ ಹೋಗುವ ಗಾಡಿ ತಡವಾಗಿ ಬರುತ್ತಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ."

ಬೆಂಚಿನ ಮೇಲೆ ಪೆಟ್ಟಿಗೆಯೊಂದನ್ನು ತಬ್ಬಿ ಕೂತಿದ್ದ ಗಡ್ಡದ ಮನುಷ್ಯ ಮೇಲಿದ್ದ ಸ್ಪೀಕರನ್ನು ದುರುಗುಟ್ಟಿಕೊಂಡು ನೋಡಿದ. "ಇವಳಿಗೇನ್ರಿ, ಎಲ್ಲೋ ಫ್ಯಾನಿನ ಕೆಳಗೆ ಕೂತು ವಿಷಾದಿಸ್ತಾಳೆ. ಇಲ್ಲಿ ಬಂದು ನಮ್ ಜೊತೆ ನಿಂತ್ಕೊಂಡು ವಿಷಾದಿಸ್ಲಿ ನೋಡೋಣ!" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ ದೂರು ಹೇಳಿದ.

ಆ ದನಿಯ ಒಡತಿ ಆ ಪಕ್ಕದ ಹೆಂಗಸೇ. ಬೇರೆ ದಿನವಾಗಿದ್ದರೆ "ನಿಂತಿದ್ದೀನಲ್ಲ ಸ್ವಾಮಿ" ಎಂದು ಅದೇ ದನಿಯಲ್ಲಿ ಹೇಳಿ, ಅವನು ಬೆಚ್ಚಿಬೀಳುವುದನ್ನು ನೋಡಿ ನಗುತ್ತಿದ್ದಳು. ಇವತ್ತು ಕೊರಳಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡು, ಹೌದೆಂಬಂತೆ ತಲೆಯಾಡಿಸಿದಳು, ಅಷ್ಟೆ. ಅವಳ ಕಿವಿಯೆಲ್ಲ ಮೇಲಿನ ಸ್ಪೀಕರಿನಲ್ಲಿತ್ತು. ಆ 'ವಿಷಾದಿಸುತ್ತೇವೆ' ಎಷ್ಟು ಸಲೀಸಾಗಿ ಇಳಿದು ನಿಂತಿತು! ಎಲ್ಲೂ ಒಂದು ಗೀರಿಲ್ಲ, ಒಂದು ತೊಡಕಿಲ್ಲ. ಅದನ್ನು ಹೇಳಿದಾಗ ಅವಳಿಗೆ ಮದುವೆಯೂ ಆಗಿರಲಿಲ್ಲ. ಈಗ ಆ ದನಿ ಪ್ಲಾಟ್‌ಫಾರಮ್ಮಿನಲ್ಲಿದೆ. ತನ್ನ ಗಂಟಲಲ್ಲಿ ಇದೆಯೋ ಇಲ್ಲವೋ, ತೆರೆದು ನೋಡಿಕೊಳ್ಳುವ ಹಾಗಿಲ್ಲ.

ಅವಳು ಮಾತು ನಿಲ್ಲಿಸಿ ಒಂದು ದಿನ ಕಳೆದಿತ್ತು. ನಾಳೆ ಬೆಳಿಗ್ಗೆ ಆಪರೇಷನ್.

"ಧ್ವನಿತಂತು ಮೇಲೆ ಒಂದು ಸಣ್ಣ ಗಂಟು ಎದ್ದಿದೆ" ಎಂದು ಗಂಟಲಿನ ಡಾಕ್ಟರಮ್ಮ ಹೇಳಿದ್ದರು. "ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡಿ. ಗಂಟಿನ ತುಂಬ ರಕ್ತ ಕಟ್ಟಿದೆ. ಅದು ಒಡೆದ್ರೆ ತಂತು ಮೇಲೇ ಗಾಯ ಆಗುತ್ತೆ. ಆಮೇಲೆ ನಾನು ಎಷ್ಟೇ ಚೆನ್ನಾಗಿ ತೆಗೆದ್ರೂ ಗಾಯದ ಕಲೆ ಉಳ್ಕೊಳ್ಳುತ್ತೆ. ಪಿಸುಮಾತೂ ಬೇಡ. ಪಿಸುಮಾತಲ್ಲಿ ಗಂಟಲು ಇನ್ನೂ ಜಾಸ್ತಿ ತಿಣುಕುತ್ತೆ."

"ಹಳೇ ದನಿ ಬರುತ್ತಾ?" ಎಂದು ಅವಳ ಗಂಡ ಕೇಳಿದ್ದ.

"ನೋಡೋಣ" ಎಂದಿದ್ದರು ಡಾಕ್ಟರಮ್ಮ.

ಆ 'ನೋಡೋಣ' ಅವಳ ಎದೆಯಲ್ಲಿ ಇಲಿ ಹೊಕ್ಕ ಹಾಗೆ ಹೊಕ್ಕು ಕೂತಿತ್ತು. ಸುಮ್ಮನಿದ್ದಾಗಲೇ ಕಡಿಯುತ್ತಿತ್ತು. ಇದರ ಮೇಲೆ ಇವತ್ತು ಮಧ್ಯಾಹ್ನ ಮ್ಯೂಸಿಯಮ್ಮಿನಿಂದ, ಅಲ್ಲಿ ಅವಳಿಂದ ಹಳೆಯ ಪದಗಳನ್ನು ಓದಿಸಿದ್ದ ಬೇರು ಮೇಷ್ಟ್ರ ಸಂದೇಶ ಬಂದಿತ್ತು: "ಒಂದು ಸಣ್ಣ ತೊಂದರೆಯಾಗಿದೆ. ಬಂದು ಹೋದರೆ ಒಳ್ಳೆಯದು. ಮಾತಾಡುವ ಅಗತ್ಯವಿಲ್ಲ." ಸಣ್ಣ ಗಂಟು, ಸಣ್ಣ ತೊಂದರೆ. 'ಸಣ್ಣ' ಎಂಬ ಮಾತಿನ ಮೇಲೇ ಅವಳಿಗೆ ನಂಬಿಕೆ ಹೊರಟುಹೋಗಿತ್ತು.

ಗೊತ್ತಿದ್ದವರೆಲ್ಲ ಅವಳನ್ನು ಕರೆಯುವುದು ದನಿಯಮ್ಮ ಎಂದು. ದೊಡ್ಡದೊಂದು ಜವಳಿ ಮಳಿಗೆಯಲ್ಲಿ, ಕಳೆದುಹೋದ ಮಕ್ಕಳ ಸುದ್ದಿಯನ್ನು ಮೈಕಿನಲ್ಲಿ ಹೇಳುವ ಕೆಲಸದಿಂದ ಅವಳ ದುಡಿಮೆ ಶುರುವಾಗಿತ್ತು. "ಕೆಂಪಂಗಿಯ ಮಗು ನಮ್ಮ ಹತ್ತಿರ ಆಟವಾಡುತ್ತಿದೆ, ಅಮ್ಮಂದಿರು ನಿಧಾನವಾಗಿ ಬನ್ನಿ" ಎಂದು ಅವಳು ಹೇಳಿದರೆ, ಮೆಟ್ಟಿಲ ಮೇಲೆ ಬಿದ್ದೆದ್ದು ಓಡುತ್ತಿದ್ದ ಅಮ್ಮಂದಿರು ನಿಜವಾಗಿಯೂ ನಿಧಾನವಾಗಿ ಬರುತ್ತಿದ್ದರು. ಒಂದು ಸಲ ಹಾಗೆ ಕಳೆದುಹೋದ ಮಗು ರೈಲ್ವೆಯ ಅಧಿಕಾರಿಯೊಬ್ಬರದಾಗಿತ್ತು. ಅಲ್ಲಿಂದ ಅವಳ ದನಿ ಸ್ಟೇಷನ್ನಿಗೆ ಹೋಯಿತು, ಆಮೇಲೆ ಲಿಫ್ಟುಗಳಿಗೆ ಹೋಯಿತು, ಬ್ಯಾಂಕಿನ ಸಾಲುಗಳಿಗೆ ಹೋಯಿತು. ಬಾಗಿಲು ಮುಚ್ಚುತ್ತಿದೆ, ಮುಂದಿನವರು ಬನ್ನಿ, ಹಳದಿ ಗೆರೆ ದಾಟಬೇಡಿ. ಊರಿನ ಅರ್ಧಕ್ಕರ್ಧ ಜನರಿಗೆ ದಿನವೂ ಅಪ್ಪಣೆ ಕೊಡುವವಳು. ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.

ಗಂಡ ಕನ್ನಡಕದ ಅಂಗಡಿಯವನು. ಅವನೂ ಆ ದನಿಯ ಅಪ್ಪಣೆಯಂತೆ ವರ್ಷಾನುಗಟ್ಟಲೆ ರೈಲು ಹತ್ತಿ ಇಳಿದವನೇ. ಒಂದು ದಿನ ಅವಳು ಕಣ್ಣು ತೋರಿಸಿಕೊಳ್ಳಲು ಬಂದಾಗ ಗೋಡೆಯ ಅಕ್ಷರಗಳನ್ನು ಓದಿ ಎಂದ. ಅವಳು ಮೇಲಿನ ಸಾಲು ಓದಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಕೈಯಲ್ಲಿದ್ದ ಗಾಜು ಕೆಳಗೆ ಬಿದ್ದು ಪುಡಿಯಾಯಿತು. ಆವತ್ತು ಅವನು ಬರೆದುಕೊಟ್ಟ ಕನ್ನಡಕದ ನಂಬರು ತಪ್ಪಾಗಿತ್ತು. "ಬೇಕಂತಲೇ ತಪ್ಪು ಬರೆದೆ, ಮತ್ತೆ ಬರ್ಲಿ ಅಂತ" ಎಂದು ಅವನು ಈಗಲೂ ಕೊಚ್ಚಿಕೊಳ್ಳುತ್ತಾನೆ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಜೊತೆಗೆ ಅತ್ತೆ. ಅತ್ತೆಗೆ ಕಿವಿ ಮಂದವಾಗಿ ಬಹಳ ಕಾಲವಾಯಿತು. ಪಾತ್ರೆ ಬಿದ್ದರೆ ಕೇಳುವುದಿಲ್ಲ, ಮಗ ಕೂಗಿದರೆ ಕೇಳುವುದಿಲ್ಲ. ಎಲ್ಲ ದನಿಗಳೂ ಮುಳುಗಿಹೋದ ಆ ಕಿವಿಯಲ್ಲಿ ಅದೇನು ಸಂದು ಉಳಿದಿತ್ತೋ, ಸೊಸೆಯ ದನಿಯೊಂದು ಮಾತ್ರ ನೆಟ್ಟಗೆ ಒಳಗೆ ಹೋಗುತ್ತಿತ್ತು. ಕಿವಿಯ ಮಿಷನ್ ಹಾಕಿಸೋಣ ಎಂದರೆ ಅತ್ತೆ ಒಪ್ಪುವವರಲ್ಲ. "ಅದನ್ನ ಹಾಕ್ಕೊಂಡ್ರೆ ನಿನ್ನ ಗಂಡನ ಮಾತೂ ಕೇಳುತ್ತೆ. ಯಾರಿಗೆ ಬೇಕು ಆ ರಗಳೆ?" ಎನ್ನುತ್ತಿದ್ದರು. ಹಾಗಾಗಿ ಪೇಪರಿನ ಸುದ್ದಿ, ಬೀದಿಯ ಜಗಳ, ಮಗನ ತಕರಾರು ಎಲ್ಲವೂ ಅತ್ತೆಗೆ ಮುಟ್ಟುವುದು ದನಿಯಮ್ಮನ ಬಾಯಿಂದಲೇ. ಬೈಗುಳವನ್ನು ಕೂಡ ಅವಳೇ ದಾಟಿಸಬೇಕಾಗಿತ್ತು. ದಾಟಿಸುವಾಗ ಒಂದಿಷ್ಟು ಸಕ್ಕರೆ ಬೆರೆಸುತ್ತಿದ್ದಳು.

ನಿನ್ನೆಯಿಂದ ಆ ದಾರಿ ಬಂದ್ ಆಗಿತ್ತು. ಗಂಡ ದೊಡ್ಡ ಅಕ್ಷರಗಳಲ್ಲಿ ಬರೆದು ಅತ್ತೆಗೆ ತೋರಿಸಿದ್ದ. ಅತ್ತೆ ಓದಿ, ಹೂಂ ಎಂದು, ಕಿಟಕಿಯ ಕಡೆ ತಿರುಗಿ ಕೂತಿದ್ದರು. ಆ ಕೂತ ಬೆನ್ನು ದನಿಯಮ್ಮನಿಗೆ ಒಳ್ಳೆಯದಾಗಿ ಕಂಡಿರಲಿಲ್ಲ.

ಗಾಡಿ ಬಂತು. ಗಡ್ಡದವನು "ಬಂತಲ್ಲ, ಮಹಾರಾಯ್ತಿ ಕಳಿಸಿಕೊಟ್ಲು" ಎಂದು ಗೊಣಗುತ್ತ ಹತ್ತಿಕೊಂಡ. ಅವಳು ಅವನ ಹಿಂದೆಯೇ ಹತ್ತಿದಳು.

ಮ್ಯೂಸಿಯಮ್ಮಿನ ಕೆಲಸ ಅವಳಿಗೆ ಒದಗಿದ್ದು ಮೂರು ತಿಂಗಳ ಹಿಂದೆ. ಅಲ್ಲೊಂದು ಓರೆ ಓಣಿ ಕಟ್ಟಿದ್ದರು. ಬೀದಿಯ ಮಟ್ಟದಿಂದ ನೆಲಮಾಳಿಗೆಗೆ ಇಳಿಯುತ್ತದೆ. ಬಾಗಿಲು ತೆರೆದ ಮೇಲೆ ನೋಡಲು ಬರುವವರು ಮೇಲಿನ ತುದಿಯಲ್ಲಿ ಇಂದಿನ ಮಾತುಗಳನ್ನು ಕೇಳುತ್ತಾರೆ. ಇಳಿಯುತ್ತ ಹೋದ ಹಾಗೆ ಮಾತು ಹಳೆಯದಾಗುತ್ತದೆ. ಎಲ್ಲಕ್ಕಿಂತ ಕೆಳಗೆ ಒಂದು ದುಂಡನೆಯ ಕತ್ತಲ ಕೋಣೆ. ಅಲ್ಲಿ ಒಂದೇ ಒಂದು ಪದ. ಆ ಎಲ್ಲ ಮಾತುಗಳ ತಾಯಿಬೇರು.

ಓಣಿಯ ಕಲ್ಪನೆ ಬೇರು ಮೇಷ್ಟ್ರದು. ಎಲ್ಲ ಪದಗಳ ಬುಡ ಕೆದಕಿ ನೋಡುವ ಮನುಷ್ಯ. ಟೀ ಕೊಟ್ಟರೆ ಟೀ ಎಂಬ ಪದ ಎಲ್ಲಿಂದ ಬಂತೆಂದು ಹೇಳಿ ಮುಗಿಸುವುದರೊಳಗೆ ಲೋಟ ತಣ್ಣಗಾಗಿರುತ್ತಿತ್ತು. ಹೊಸಬರನ್ನು ಕಂಡರೆ ಮುಖಕ್ಕಿಂತ ಮೊದಲು ಅವರ ಉಚ್ಚಾರ ನೋಡುತ್ತಿದ್ದರು. ದನಿಯಮ್ಮನನ್ನು ಮೊದಲ ದಿನ ಓಣಿಯ ಮೇಲಿನ ತುದಿಯಲ್ಲಿ ನಿಲ್ಲಿಸಿಕೊಂಡು ಪಾಠ ಶುರು ಮಾಡಿದರು.

"ನೋಡಮ್ಮಾ, ಇದು ಇಂಗ್ಲಿಷಿನ ವಾಯ್ಸ್. ಇದು ಸ್ವಂತ ಸಂಪಾದನೆ ಅಲ್ಲ, ಫ್ರೆಂಚರ ಮನೆಯಿಂದ ತಂದದ್ದು. ಅವರಿಗೆ ಅದು ಲ್ಯಾಟಿನ್ನಿಂದ ಬಂತು, ಅಲ್ಲಿ ವೋಕ್ಸ್. ಈ ಕಡೆ ಬನ್ನಿ, ಸಂಸ್ಕೃತ. ವಾಕ್. ಪಕ್ಕದಲ್ಲೇ ಇರಾನಿನ ಹಳೇ ಮಾತು, ವಾಖ್ಷ್. ಪಾರ್ಸಿಯಲ್ಲಿ ಅದೇ ಬೇರಿಗೆ ಮುಂದೊಂದು ಆ ಸೇರ್ಕೊಂಡು ಆವಾಜ್."

"ಅವಾಜು ಹಾಕೋದು ಅಂತೀವಲ್ಲ, ಅದಾ?"

"ಅದೇ! ವಚನ ಅಂತೀರಿ, ವಾಕ್ಯ ಅಂತೀರಿ, ಅವಾಜು ಅಂತೀರಿ. ಒಂದೇ ಅಜ್ಜಿಯ ಮೊಮ್ಮಕ್ಕಳು ಬೇರೆ ಬೇರೆ ದಾರಿ ಹಿಡಿದು ಬಂದು ನಮ್ಮ ಜಗಲಿ ಮೇಲೆ ಕೂತಿದ್ದಾರೆ. ಒಬ್ಬರ ಗುರುತು ಒಬ್ಬರಿಗಿಲ್ಲ. ನಮ್ಮ ಮಾತು ಆ ಮನೆತನದ್ದಲ್ಲ, ಆದ್ರೆ ನೆಂಟರು ಬಂದವರು ಹೋಗೇ ಇಲ್ಲ."

"ಸೊಸೆ ಹಾಗೆ" ಎಂದಿದ್ದಳು ದನಿಯಮ್ಮ.

ಮೇಷ್ಟ್ರು ನಕ್ಕು ಇನ್ನಷ್ಟು ಕೆಳಗೆ ಕರೆದೊಯ್ದರು. ಮರಳಿನಡಿ ಹೂತುಹೋಗಿ, ಚೂರುಪಾರು ಹಾಳೆಗಳಲ್ಲಿ ಮಾತ್ರ ಸಿಕ್ಕಿದ ಒಂದು ಭಾಷೆಯ ಪದ ತೋರಿಸಿದರು. ಆಡುವವರೆಲ್ಲ ಸತ್ತುಹೋದ ಇನ್ನೊಂದು ಭಾಷೆಯ, ಕೂಗು ಎಂಬ ಅರ್ಥದ ಪದ ತೋರಿಸಿದರು. ಗ್ರೀಕರ ಹತ್ತಿರ ಬಂದಾಗ ಅವಳು ತಡೆದು ನಿಂತಳು. ಅಲ್ಲಿ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಎಪೊಸ್ ಎಂದಿತ್ತು.

"ಇದರಲ್ಲಿ ವ ಇಲ್ಲ, ಕ ಇಲ್ಲ. ಇದು ಹೇಗೆ ಇವರ ಮನೆಯವಳು?"

"ಪಾಲಾಗುವಾಗ ಹಾಗಾಯ್ತಮ್ಮಾ" ಎಂದರು ಮೇಷ್ಟ್ರು. "ಮೂಲದ ಪದದ ಕೊನೇಲಿ ಒಂದು ವಿಚಿತ್ರವಾದ ಕ ಇತ್ತು. ಗಂಟಲಿಂದ ಹೊರಡಬೇಕು, ಅದೇ ಹೊತ್ತಿಗೆ ತುಟಿ ದುಂಡಗಾಗಬೇಕು. ಈ ಪದದಲ್ಲಿ ಲ್ಯಾಟಿನ್ನಿನವರು, ಸಂಸ್ಕೃತದವರು ಗಂಟಲಿನ ಪಾಲು ಇಟ್ಕೊಂಡ್ರು. ಗ್ರೀಕರು ತುಟಿ ಪಾಲು ತಗೊಂಡ್ರು, ಕ ಹೋಗಿ ಪ ಆಯ್ತು. ಮೊದಲಿನ ವ ಅವರ ಬಾಯಲ್ಲಿ ಸವೆದೇ ಹೋಯ್ತು. ಮೇಲ್ನೋಟಕ್ಕೆ ಹೋಲಿಕೆ ಇಲ್ಲ. ಆದ್ರೆ ಇಂಥ ಕ ಇದ್ದ ಕಡೆಯೆಲ್ಲ ಅವರು ಒಂದು ಕ್ರಮದ ಪ್ರಕಾರವೇ ಬದಲಾಯಿಸಿದ್ದಾರೆ. ಕ್ರಮ ಇದೆ, ಅದಕ್ಕೇ ನಂಬ್ತೀವಿ."

ಕೊನೆಯ ಕೋಣೆಯಲ್ಲಿ ಮೇಷ್ಟ್ರು ಒಂದು ಹಾಳೆ ಅವಳ ಕೈಗಿತ್ತರು. ವೆ ಇತ್ತು, ಕ ಇತ್ತು, ಕಕಾರದ ಹೆಗಲ ಮೇಲೆ ಪುಟ್ಟದೊಂದು ವ ಕೂತಿತ್ತು. ಎಲ್ಲಕ್ಕೂ ಮುಂಚೆ ಒಂದು ನಕ್ಷತ್ರದ ಗುರುತು.

"ಈ ನಕ್ಷತ್ರ ಓದೋದು ಹೇಗೆ ಮೇಷ್ಟ್ರೇ?"

"ಅದನ್ನ ಓದೋದಲ್ಲಮ್ಮಾ. ಈ ಪದವನ್ನ ಯಾರೂ ಬರೆದಿಟ್ಟಿಲ್ಲ, ಈಗ ಬದುಕಿರೋರು ಯಾರೂ ಕೇಳಿಲ್ಲ. ಮೊಮ್ಮಕ್ಕಳ ಮೂಗು ನೋಡಿ ಅಜ್ಜಿ ಮೂಗು ಹೀಗಿದ್ದಿರಬೇಕು ಅಂತ ಕಟ್ಟಿದ್ದು. ಕಟ್ಟಿದ್ದು ಅಂತ ಒಪ್ಪಿಕೊಳ್ಳೋಕೆ ಈ ನಕ್ಷತ್ರ."

"ಹಾಗಂತ ಬಿಟ್ಟು ಓದೋಕಾಗುತ್ತಾ? ನಾನು ಹಾಳೇಲಿ ಏನಿದ್ರೂ ಓದೋಳು. ಕಾಮಾ ಇದ್ರೆ ನಿಲ್ತೀನಿ, ಆವರಣ ಇದ್ರೆ ದನಿ ತಗ್ಗಿಸ್ತೀನಿ. ಬರೆದದ್ದನ್ನ ನುಂಗಿದ್ರೆ ಸುಳ್ಳು ಹೇಳಿದ ಹಾಗೆ."

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು ಆ ನಕ್ಷತ್ರದ ಸುತ್ತ ಒಂದು ಗೆರೆ ಎಳೆದರು.

ಸ್ಟುಡಿಯೋದಲ್ಲಿ ಆ ನಕ್ಷತ್ರದ ಜೊತೆ ಅವಳು ಗುದ್ದಾಡಿದಳು. ರೆಕಾರ್ಡಿಂಗ್ ಮಾಡುವವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ರೈಲ್ವೆಯ ಕಾಲದಿಂದ ಅವಳ ದನಿಯನ್ನು ಕತ್ತರಿಸಿ ಜೋಡಿಸಿದವನು ಅವನೇ. ಪದವನ್ನು ಅನುಮಾನದಿಂದ ಹೇಳಿ ನೋಡಿದಳು. "ದಾರಿ ಕೇಳ್ತಿರೋ ಹಾಗಿದೆ ಅಕ್ಕ" ಎಂದ ಕತ್ತರಿ. ಗಂಭೀರವಾಗಿ ಹೇಳಿದಳು. "ಗಾಡಿ ರದ್ದಾದ ಹಾಗಿದೆ" ಎಂದ. ಕೊನೆಗೆ ಅವಳು ಕಣ್ಣು ಮುಚ್ಚಿದಳು. ಈ ಪದವನ್ನು ಯಾರೋ ಒಬ್ಬಳು, ಯಾವುದೋ ಬಯಲಲ್ಲಿ, ದೂರ ಹೋದ ಯಾರನ್ನೋ ಕರೆಯುವ ಮುಂಚೆ ಏನು ಮಾಡಿರಬೇಕು? ಉಸಿರು ತಗೊಂಡಿರಬೇಕು. ಪದ ಹೇಗಿತ್ತೆಂಬುದು ಊಹೆ. ಆದರೆ ಉಸಿರಿಲ್ಲದೆ ಆ ಪದ ಹೊರಟಿರಲಾರದು, ಅದು ಊಹೆಯಲ್ಲ. ಅವಳು ಬಾಯಿ ತೆರೆದು ಒಂದು ಉಸಿರೆಳೆದುಕೊಂಡಳು. ಆಮೇಲೆ ಪದ ಹೇಳಿದಳು.

ಗಾಜಿನಾಚೆ ಮೇಷ್ಟ್ರು ಕೂತಲ್ಲಿಂದ ಎದ್ದು ನಿಂತಿದ್ದರು.

ಆದರೆ ಹೆಡ್‌ಫೋನಿನಲ್ಲಿ ಅದನ್ನೇ ಮತ್ತೆ ಕೇಳುತ್ತಿದ್ದ ಕತ್ತರಿ ಹುಬ್ಬು ಗಂಟಿಕ್ಕಿದ. "ನೆಗಡಿನಾ ಅಕ್ಕ? ಉಸಿರಲ್ಲಿ ಮರಳು ಉದುರಿದ ಹಾಗೆ ಕೇಳುತ್ತೆ." ನೆಗಡಿ ಇರಲಿಲ್ಲ. ಅವಳೂ ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಮರಳು. ಸಣ್ಣಗೆ, ಸರಸರ. ಆ ಮರಳನ್ನು ಹಿಡಿದುಕೊಂಡೇ ಅವಳು ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದದ್ದು.

ಇವತ್ತು ಮ್ಯೂಸಿಯಮ್ಮಿನ ಓಣಿ ಇಳಿದು ಅವಳು ಸ್ಟುಡಿಯೋ ಸೇರಿದಾಗ ಮೇಷ್ಟ್ರು, ಕತ್ತರಿ ಇಬ್ಬರೂ ಶಾಲೆಯಲ್ಲಿ ಬೈಸಿಕೊಂಡ ಮಕ್ಕಳ ಹಾಗೆ ಕೂತಿದ್ದರು.

ಅವಳು ಚೀಲದಿಂದ ಒಂದು ರಟ್ಟು ತೆಗೆದಳು. ಅದು ಗಂಡನ ಕೈಕೆಲಸ. ಅಂಗಡಿಯ ಗೋಡೆಯಲ್ಲಿರುವಂತೆ ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಸಾಲುಗಳು. ಮೇಲೆ ಹೌದು, ಇಲ್ಲ. ಅದರ ಕೆಳಗೆ ಏನು, ಯಾಕೆ. ಅದಕ್ಕೂ ಕೆಳಗೆ ನೀರು, ಆಮೇಲೆ, ಸಾಕು ಬಿಡಿ. ಎಲ್ಲಕ್ಕಿಂತ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ: ಇದನ್ನು ಓದಲು ಬಂದರೆ ನನ್ನ ಕೆಲಸ ಚೆನ್ನಾಗಿದೆ.

ಅವಳ ಬೆರಳು 'ಏನು' ಎಂಬುದರ ಮೇಲೆ ನಿಂತಿತು.

"ತಪ್ಪು ನನ್ನದೇ ಅಕ್ಕ" ಎಂದ ಕತ್ತರಿ. ಅವಳ ಮುಖ ನೋಡಲಿಲ್ಲ. "ನಿನ್ನೆ ಎಲ್ಲ ಪದಗಳನ್ನೂ ಶುಚಿ ಮಾಡಿದೆ. ಕೈಗೆ ಅಭ್ಯಾಸ ಬಿದ್ದುಬಿಟ್ಟಿದೆ. ಮಾತಿಗೆ ಮುಂಚೆ ಉಸಿರು ಕಂಡ್ರೆ ಕತ್ತರಿಸಿಬಿಡ್ತೀನಿ. ರೈಲ್ವೆಯವರು ಮೊದಲನೇ ದಿನವೇ ಹೇಳಿದ್ರಲ್ಲ, ಘೋಷಣೆ ಉಸಿರಾಡಬಾರದು ಅಂತ. ಕಣ್ಣು ಮುಚ್ಚಿ ಮಾಡೋ ಕೆಲಸ, ಕಣ್ಣು ಮುಚ್ಚೇ ಮಾಡ್ದೆ. ಆ ಕೊನೇ ಪದದ್ದೂ ಹೋಯ್ತು."

ಅವಳ ಬೆರಳು ರಟ್ಟಿನ ಮೇಲೆ ಅಲೆದಾಡಿತು. ಕೇಳಬೇಕಾದದ್ದು ಅಲ್ಲಿರಲಿಲ್ಲ. ಕತ್ತರಿಗೇ ಅರ್ಥವಾಯಿತು.

"ಮೂಲದ್ದೂ ಇಲ್ಲ ಅಕ್ಕ. ಶುಚಿ ಮಾಡಿದ್ಮೇಲೆ ಕೊಳೆಯದ್ದು ಇಟ್ಕೊಳ್ಳಲ್ಲ ನಾನು. ಯಾವತ್ತೂ ಇಟ್ಕೊಂಡಿಲ್ಲ."

ಯಾವತ್ತೂ. ದನಿಯಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹಾಗಾದರೆ ಊರಿನ ತುಂಬ ಹರಡಿರುವ ಅವಳ ದನಿಯಲ್ಲಿ, ಸ್ಟೇಷನ್ನು ಲಿಫ್ಟು ಬ್ಯಾಂಕುಗಳಲ್ಲಿ, ಎಲ್ಲೂ ಒಂದೇ ಒಂದು ಉಸಿರಿಲ್ಲ. ನಾಳೆ ಕಳೆದ ಮೇಲೆ ಬೇರೆ ದನಿ ಬಂದರೆ, ಅಥವಾ ದನಿಯೇ ಬಾರದೆ ಹೋದರೆ, ಅವಳು ಉಸಿರಾಡುತ್ತ ಮಾತಾಡಿದ್ದಳು ಎಂಬುದಕ್ಕೆ ಇದ್ದದ್ದು ಆ ನಕ್ಷತ್ರವೊಂದೇ. ಅದೂ ಹೋಯಿತು.

"ಸಂಜೆ ಸ್ಪೀಕರುಗಳನ್ನ ಗೋಡೆ ಒಳಗಿಟ್ಟು ಮುಚ್ಚಿಬಿಡ್ತಾರೆ, ಆಮೇಲೆ ಏನೂ ಬದಲಾಯಿಸೋಕಾಗಲ್ಲ" ಎಂದರು ಮೇಷ್ಟ್ರು. "ನಾನು ನಿಮ್ಮನ್ನ ಕರೆಸಬಾರದಿತ್ತು. ಹೇಳದೆ ಮುಚ್ಚೋಕೂ ಮನಸ್ಸು ಬರಲಿಲ್ಲ. ಇವನ ಉಸಿರು ಹಾಕಿ ನೋಡಿದ್ವಿ. ಹಂದಿ ಗೊರಕೆ ಹೊಡೆದ ಹಾಗಿತ್ತು."

"ಇವರದ್ದು ಕುಕ್ಕರ್ ಸೀಟಿ" ಎಂದ ಕತ್ತರಿ.

ದನಿಯಮ್ಮ ರಟ್ಟನ್ನು ಮೇಜಿನ ಮೇಲಿಟ್ಟು ಗಾಜಿನ ಕೋಣೆಯ ಕಡೆ ನಡೆದಳು. ಉಸಿರಾಡುವುದಕ್ಕೆ ಡಾಕ್ಟರಮ್ಮನ ತಡೆಯಿಲ್ಲವಲ್ಲ. ಫೋನನ್ನು ಪಕ್ಕದಲ್ಲಿಟ್ಟು, ಮೈಕಿನ ಮುಂದೆ ನಿಂತು, ಬಾಯಿ ತೆರೆದು ಉಸಿರೆಳೆದುಕೊಂಡಳು.

ಕತ್ತರಿ ಕೇಳಿಸಿಕೊಂಡು ತಲೆಯಾಡಿಸಿದ. "ಇದು ನಿಟ್ಟುಸಿರು ಅಕ್ಕ."

ಮತ್ತೆ ಎಳೆದುಕೊಂಡಳು. ಈ ಸಲ ಅದು ಡಾಕ್ಟರ ಮುಂದೆ ಎದೆ ಉಬ್ಬಿಸಿ ತೋರಿಸುವ ಉಸಿರಾಯಿತು. ಅವಳಿಗೇ ಗೊತ್ತಾಗುತ್ತಿತ್ತು. ಮಾತು ಬರುವುದಿಲ್ಲವೆಂದು ಎದೆಗೆ ಮೊದಲೇ ತಿಳಿದುಬಿಟ್ಟಿದೆ. ಮಾತಾಡುವವರ ಉಸಿರು ಮುಂದೆ ಬರುವ ಮಾತಿಗೆ ಜಾಗ ಅಳೆದುಕೊಂಡು ಒಳಗೆ ಬರುತ್ತದೆ. ಇದು ಗೊತ್ತುಗುರಿಯಿಲ್ಲದೆ ಬಂದು ಹೋಗುತ್ತಿತ್ತು. ನಿಜವಾದದ್ದು ಬೇಕಾದರೆ ನಿಜವಾಗಿಯೂ ಹೇಳಬೇಕು. ಒಂದೇ ಪದ. ವೆ, ಮತ್ತೆ ಆ ವಿಚಿತ್ರವಾದ ಕ, ಅರ್ಧ ಗಂಟಲಿನದು, ಅರ್ಧ ತುಟಿಯದು. ಒಂದು ಪದಕ್ಕೆ ಗಂಟು ಒಡೆದೀತೇ? ಒಡೆಯಲಿಕ್ಕಿಲ್ಲ. ಒಡೆದರೆ? ಅವಳ ಕೈ ತಾನಾಗಿ ಕೊರಳಿನ ಬಟ್ಟೆಗೆ ಹೋಯಿತು.

"ಬೇಡಮ್ಮಾ" ಎಂದು ಮೇಷ್ಟ್ರ ದನಿ ಸ್ಪೀಕರಿನಲ್ಲಿ ಬಂತು. "ನೀವು ಯೋಚಿಸ್ತಿರೋದು ಕಾಣ್ತಿದೆ. ಬೇಡ. ನಕ್ಷತ್ರ ಹಾಗೇ ಇರ್ಲಿ, ಯಾರೂ ಓದೋದು ಬೇಡ."

ಆಗ ಪಕ್ಕದಲ್ಲಿದ್ದ ಅವಳ ಫೋನು ನಡುಗಿತು. ಗಂಡ. ಅವಳು ಸ್ಪೀಕರಿಗೆ ಹಾಕಿದಳು.

"ನಾನು. ನೀನು ಮಾತಾಡ್ಬೇಡ, ಕೇಳಿಸ್ಕೋ ಅಷ್ಟೆ. ಅಮ್ಮ ಬೆಳಗಿಂದ ಊಟ ಬಿಟ್ಟು ಕೂತಿದ್ದಾಳೆ. ತನ್ನ ಕಿವಿ ಪೂರ್ತಿ ಹೋಯ್ತು ಅಂತ. ನೀನು ಮಾತಾಡಬಾರದು ಅಂತ ಬರೆದು ತೋರಿಸಿದ್ನಲ್ಲ? ಅದು ತನ್ನ ಸಮಾಧಾನಕ್ಕೆ ನಾನು ಬರೆದ ಸುಳ್ಳು ಅಂತಾಳೆ. ಡಾಕ್ಟರ ಚೀಟಿ ತೋರಿಸ್ದೆ. ಅದೂ ನಾನೇ ಬರೆದಿದ್ದು ಅಂದ್ಲು. ಏನ್ ಮಾಡ್ಲಿ ನಾನು?"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಕಿವಿ ಕೇಳದವರ ಎತ್ತರದ ದನಿ. "ಯಾರೋ ಅದು? ಅವಳಾ? ಕೊಡೋ ಇಲ್ಲಿ! ಏ ಹುಡುಗೀ! ಒಂದ್ ಸಲ ಅತ್ತೇ ಅನ್ನು ನೋಡೋಣ. ಒಂದೇ ಸಲ. ನನಗೆ ಕೇಳುತ್ತೋ ಇಲ್ವೋ ಗೊತ್ತಾಗ್ಲಿ."

ದನಿಯಮ್ಮ ಗಾಜಿನಾಚೆ ಕಣ್ಣು ಹಾಯಿಸಿದಳು. ಕತ್ತರಿಗೆ ಮೈಕಿನ ಮೂಲಕ ಎಲ್ಲವೂ ಕೇಳಿಸಿತ್ತು. ಅವನು ತಲೆ ಓಡಿಸಿದ. ತಪ್ಪು ತಿದ್ದಿಕೊಳ್ಳಲು ಕಾಯುತ್ತಿದ್ದ ಕೈಗಳು ಓಣಿಯ ಪದಗಳನ್ನು ಹುಡುಕಿ ತೆಗೆದವು. ಅವಳದೇ ದನಿ ಸ್ಪೀಕರಿನಿಂದ ಹೊರಟು ಫೋನಿನೊಳಗೆ ಹೋಯಿತು. ವಾಕ್. ವೋಕ್ಸ್. ವಾಖ್ಷ್. ಆವಾಜ್. ಎಪೊಸ್.



"ಕೇಳ್ತು" ಎಂದರು ಅತ್ತೆ. ಆದರೆ ದನಿಯಲ್ಲಿ ಸಮಾಧಾನವಿರಲಿಲ್ಲ. "ಕೇಳ್ತು ಕಣೋ. ಯಾರನ್ನೋ ಬೈತಿದ್ದಾಳೆ. ಆದ್ರೆ ಇದು ಸ್ಟೇಷನ್ನಿನೋಳು, ನಮ್ಮನೆಯವಳಲ್ಲ. ನಮ್ಮನೆಯವಳು ಎರಡು ಮಾತಿನ ಮಧ್ಯೆ ಉಸಿರು ತಗೊಳ್ತಾಳೆ, ನನಗೆ ಗೊತ್ತಿಲ್ವಾ? ಇವಳು ಒಂದೇ ಸಮ ಗೋಡೆ ಮಾತಾಡಿದ ಹಾಗೆ ಮಾತಾಡ್ತಿದ್ದಾಳೆ. ಟೇಪ್ ಹಾಕಿ ನನಗೆ ಟೋಪಿ ಹಾಕ್ತೀರಾ? ಎಲ್ಲೋ ಅವಳು? ನಿಜ ಹೇಳೋ! ಏನಾಯ್ತೋ ನನ್ನ ಸೊಸೆಗೆ?"

"ಅಮ್ಮಾ, ಏನೂ ಆಗಿಲ್ಲಮ್ಮ" ಎಂದು ಗಂಡ ಕೂಗುತ್ತಿದ್ದ. ಆ ಕೂಗು ಎಲ್ಲಿಗೂ ಮುಟ್ಟುವುದಿಲ್ಲವೆಂದು ಅವನಿಗೂ ಗೊತ್ತಿತ್ತು. "ಅವಳು ಉಸಿರಾಡ್ತಿಲ್ಲ ಕಣೋ!" ಎಂದು ಅತ್ತೆಯ ದನಿ ಒಡೆಯಿತು.

ದನಿಯಮ್ಮನ ಬಾಯಿ ತೆರೆಯಿತು. ಯೋಚನೆಗೆ ಮುಂಚೆಯೇ, ಡಾಕ್ಟರಮ್ಮನ ನೆನಪಿಗೆ ಮುಂಚೆಯೇ, ಉಸಿರು ಒಳಗೆ ನುಗ್ಗಿತು. ಕರೆಯಲು ಹೊರಟವಳ ಉಸಿರು. ಎದೆ ಮೇಲಕ್ಕೆದ್ದಿತು, ಗಂಟಲು ಸಿದ್ಧವಾಯಿತು, ನಾಲಿಗೆಯ ಮೇಲೆ ಅತ್ತೆ ಎಂಬ ಪದ ಬಂದು ನಿಂತಿತು. ಅದರ ಅಂಚಿನಲ್ಲಿ ಮರಳು ಸರಸರ ಉದುರುವುದು ಅವಳಿಗೆ ಕೇಳಿಸಿತು. ಎರಡೂ ಕೈಗಳಿಂದ ಅವಳು ತನ್ನ ಬಾಯಿ ಮುಚ್ಚಿಕೊಂಡಳು. ಕಣ್ಣಿನಿಂದ ನೀರು ಬಂತು. ಪದ ಬರಲಿಲ್ಲ.

ಗಾಜಿನಾಚೆ ಕತ್ತರಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತುಬಿಟ್ಟಿದ್ದ. "ಸಿಕ್ತು" ಎಂದ. "ಮೇಷ್ಟ್ರೇ, ಸಿಕ್ತು! ಅದೇ ಉಸಿರು, ಆವತ್ತಿನದ್ದೇ. ಮರಳೂ ಇದೆ."

"ಅದು ಬೇರೆ ಪದಕ್ಕೆ ತಗೊಂಡ ಉಸಿರು ಕಣಯ್ಯಾ" ಎಂದರು ಮೇಷ್ಟ್ರು. "ಅ ಅನ್ನೋಕೆ ಬಾಯಿ ಅಗಲ ಆಗುತ್ತೆ. ನಮ್ಮದು ವ. ತುಟಿ ಕೂಡಬೇಕು."

"ಉಸಿರಿಗೆ ಏನ್ ಗೊತ್ತು ಯಾವ ಪದ ಅಂತ?"

"ಗೊತ್ತಿರುತ್ತೆ."

"ಆ ಕಾಲದ ಹೆಂಗಸು ಅತ್ತೇನ ಕರೀತಿರ್ಲಿಲ್ಲ ಅಂತ ನಿಮಗೇನ್ ಗೊತ್ತು? ಅದಕ್ಕೂ ಒಂದು ನಕ್ಷತ್ರ ಹಾಕಿ!"

"ಅಲ್ಲಯ್ಯಾ, ಕಳ್ಳತನದಲ್ಲಿ ಸಿಕ್ಕಿದ್ದು ಅದು. ಅವರನ್ನ ಕೇಳ್ದೆ ಗೋಡೆ ಒಳಗೆ ಇಡೋಕಾಗುತ್ತಾ? ದನಿಯಮ್ಮಾ, ನೀವೇ ಹೇಳಿ. ಅಂದ್ರೆ, ಹೇಳ್ಬೇಡಿ, ಬೆರಳಿಟ್ಟು ತೋರಿಸಿ. ಇಟ್ಕೊಳ್ಳೋದಾ, ಬೇಡ್ವಾ?"

ರಟ್ಟು ಅವರ ಮುಂದಿನ ಮೇಜಿನ ಮೇಲೇ ಇತ್ತು. ದನಿಯಮ್ಮ ಆಗಲೇ ಫೋನನ್ನು ಎದೆಗೊತ್ತಿಕೊಂಡು ಬಾಗಿಲು ದಾಟಿದ್ದಳು. ಅವರ ಮಾತು ಬೆನ್ನ ಹಿಂದೆ ಬರುತ್ತಿತ್ತು, ಅತ್ತೆಯ ಮಾತು ಕೈಯಲ್ಲಿತ್ತು. ಬೇಗ ಹೋಗಬೇಕು. ಅತ್ತೆಯ ಅಂಗೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡು ಕೂರಬೇಕು, ಏರುವುದು ಇಳಿಯುವುದು ಆ ಕೈಗೆ ಗೊತ್ತಾಗುವವರೆಗೆ. ನಾಳೆ ಬೆಳಿಗ್ಗೆ ಕರೆದೊಯ್ಯುವವರೆಗೂ ಹಾಗೇ ಕೂತರೂ ಆದೀತು. ಗಾಡಿಯೊಂದು ತಡವಾಗದಿದ್ದರೆ ಸಾಕು.

"ಏ ಹುಡುಗೀ, ಇದ್ದೀಯೇನೇ?" ಎಂದು ಫೋನು ಕೇಳುತ್ತಿತ್ತು.

"ದನಿಯಮ್ಮಾ, ಒಂದು ನಿಮಿಷ" ಎಂದು ಮೇಷ್ಟ್ರು ಕರೆಯುತ್ತಿದ್ದರು, "ಬರೀ ತಲೆ ಆಡಿಸಿದ್ರೂ ಸಾಕು, ನಾವು ಇದನ್ನ…"

ಅವಳು ತಿರುಗಲಿಲ್ಲ. ಕತ್ತಲ ಕೋಣೆಯನ್ನು ಬಳಸಿ, ಗೋಡೆಯ ಮೇಲೆ ಬಣ್ಣ ಇನ್ನೂ ಹಸಿಯಾಗಿದ್ದ ಅಕ್ಷರಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ, ಬೀದಿಯ ಬೆಳಕಿನ ಕಡೆಗೆ ಓಣಿಯನ್ನು ಹತ್ತತೊಡಗಿದಳು.